ಟೋಕನ್ ತೆಗೆದುಕೊಳ್ಳುವ ಮುನ್ನ
ಓದುಗರ ಪ್ರಶ್ನೆ, ಆಹಾರತಜ್ಞರ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಹೋಟೆಲಿನ ತಿಂಡಿಯನ್ನೇ ನಂಬಿಕೊಂಡು ದುಡಿಯುವವರವು. ನಿಂತು ತಿನ್ನುವ ದರ್ಶಿನಿ, ಖಾನಾವಳಿ, ಬೀದಿ ಬದಿಯ ಗಾಡಿ, ಇಂದಿರಾ ಕ್ಯಾಂಟೀನ್, ಅಮೆರಿಕದ ಬೌಲ್ ಹೋಟೆಲ್, ಎಲ್ಲದರ ಬಗ್ಗೆಯೂ ಕೇಳಿದ್ದೀರಿ. ಹಲವು ಕಾಗದಗಳಲ್ಲಿ ಎರಡು ಚಿಂತೆ ಜೊತೆಯಾಗಿವೆ: ಜೇಬಿಗೆ ಭಾರವಾಗಬಾರದು, ಮೈಗೂ ಕೆಡುಕಾಗಬಾರದು. ಎರಡೂ ನ್ಯಾಯವಾದ ಚಿಂತೆಗಳೇ. ಒಂದೊಂದಾಗಿ ನೋಡೋಣ.

ಪ್ರಶ್ನೆ: ನನಗೆ 24 ವರ್ಷ, ತೂಕ 60 ಕೆ.ಜಿ. ಕಲಬುರಗಿ ಕಡೆಯವನು, ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದೇನೆ. ಅಲ್ಲಿನ ಊಟ ಸೇರದೆ ಮೂರು ಹೊತ್ತೂ ದರ್ಶಿನಿಯಲ್ಲೇ ತಿನ್ನುತ್ತೇನೆ. ಬೆಳಿಗ್ಗೆ ಇಡ್ಲಿ-ವಡೆ, ಮಧ್ಯಾಹ್ನ ಯಾವುದಾದರೂ ರೈಸ್ ಬಾತ್, ರಾತ್ರಿ ಅನ್ನ-ಸಾಂಬಾರ್ ಅಥವಾ ಪರೋಟ. ನಡುವೆ ಮೂರು ಕಾಫಿ. ದಿನಕ್ಕೆ 220 ರೂಪಾಯಿ ಮೀರುವಂತಿಲ್ಲ. ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತದೆ, ಕೂದಲು ಉದುರುತ್ತಿದೆ. ಹೋಟೆಲ್ ಊಟದಿಂದ ಲಿವರ್ ಹಾಳಾಗುತ್ತದೆ ಎಂದು ರೂಮಿನವರು ಹೆದರಿಸುತ್ತಾರೆ.

ಉತ್ತರ: ನಿಮ್ಮ ಭಯ ಇಷ್ಟು: ಮನೆಯೂಟ ಇಲ್ಲ, ಹಣವೂ ಹೆಚ್ಚಿಲ್ಲ, ಹೀಗೇ ತಿಂದರೆ ಕಾಯಿಲೆ ಬೀಳುತ್ತೇನೆ. ಮೊದಲು ಸಮಾಧಾನ ಮಾಡಿಕೊಳ್ಳಿ. ಲಿವರಿನಲ್ಲಿ ಕೊಬ್ಬು ಸೇರುವುದು ಹೆಚ್ಚಾಗಿ ಅಗತ್ಯ ಮೀರಿದ ಆಹಾರ, ಸಕ್ಕರೆ, ಮದ್ಯ ಮತ್ತು ಸೊಂಟದ ಸುತ್ತಳತೆಗೆ ಸಂಬಂಧಿಸಿದ್ದು. ಆಹಾರ ಹೋಟೆಲಿನದೋ ಮನೆಯದೋ ಎಂದು ಲಿವರ್ ವಿಚಾರಿಸುವುದಿಲ್ಲ.

1980ರ ದಶಕದ ಆರಂಭದಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ದರ್ಶಿನಿ ಮಾದರಿಯನ್ನು ಶುರು ಮಾಡಿದಾಗ ಇಟ್ಟುಕೊಂಡ ಲೆಕ್ಕ ಸರಳ: ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಅಡುಗೆಮನೆ ಗಿರಾಕಿಯ ಕಣ್ಣೆದುರೇ, ಆದ್ದರಿಂದ ಬೆಲೆ ಕಡಿಮೆ. ಆ ಅಡುಗೆಮನೆಯಲ್ಲಿ ಹಬೆಯ ಪೆಟ್ಟಿಗೆಯೂ ಇದೆ, ಎಣ್ಣೆಯ ಬಾಣಲೆಯೂ ಇದೆ. ಯಾವುದರ ಮುಂದೆ ತಟ್ಟೆ ಹಿಡಿಯುತ್ತೀರಿ ಎಂಬುದು ನಿಮಗೇ ಬಿಟ್ಟದ್ದು.

ನಿಮ್ಮ ತಟ್ಟೆಯಲ್ಲಿ ಕೆಟ್ಟದ್ದು ತುಂಬಿದೆ ಎಂದು ನನಗೆ ಅನಿಸುವುದಿಲ್ಲ. ಬೇಕಾದದ್ದು ಇಲ್ಲ, ತೊಂದರೆ ಅದೇ. ಐ.ಸಿ.ಎಂ.ಆರ್. ಅಡಿಯ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ದಿನಕ್ಕೆ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೋಟೀನ್ (ಸ್ನಾಯು, ಕೂದಲು, ಚರ್ಮ ಕಟ್ಟುವ ಸತ್ವ) ಬೇಕು. ನಿಮಗೆ 50 ಗ್ರಾಂ. ಈಗ ಸಿಗುತ್ತಿರುವುದನ್ನು ಅಂದಾಜು ಮಾಡಿ. ಎರಡು ಇಡ್ಲಿಯಲ್ಲಿ 4 ಗ್ರಾಂ, ವಡೆ ಮತ್ತು ಸಾಂಬಾರಿನಿಂದ 6, ರೈಸ್ ಬಾತ್‌ನಲ್ಲಿ 5 ಅಥವಾ 6, ರಾತ್ರಿ ಊಟದಲ್ಲಿ 8. ಒಟ್ಟು 25ರ ಆಸುಪಾಸು, ಅಂದರೆ ಅರ್ಧಕ್ಕರ್ಧ. ಮಧ್ಯಾಹ್ನದ ತೂಕಡಿಕೆಗೂ ಇಲ್ಲೇ ಕಾರಣ ಇರಬಹುದು. ರೈಸ್ ಬಾತ್ ಎಂದರೆ ಅನ್ನ ಮತ್ತು ಎಣ್ಣೆ, ತರಕಾರಿ ಹೆಸರಿಗೆ ನಾಲ್ಕು ಬಟಾಣಿ.

ಹಣ ಹೆಚ್ಚು ಮಾಡಬೇಕಿಲ್ಲ, ಇದ್ದ ಹಣ ಜಾಗ ಬದಲಿಸಿದರೆ ಸಾಕು. ದಿನದ ವಡೆ ಬಿಟ್ಟರೆ 25 ರೂಪಾಯಿ, ಮೂರು ಕಾಫಿಯಲ್ಲಿ ಎರಡನ್ನು ಬಿಟ್ಟರೆ ಇನ್ನೊಂದು 30. ಈ 55 ರೂಪಾಯಿಗೆ ಎರಡು ಬೇಯಿಸಿದ ಮೊಟ್ಟೆ, ಒಂದು ಕಪ್ ಮೊಸರು, ಒಂದು ಲೋಟ ಹಾಲು ಬರುತ್ತವೆ. ಮೊಟ್ಟೆಯಿಂದಲೇ 12 ಗ್ರಾಂ, ಹಾಲು-ಮೊಸರಿನಿಂದ ಸುಮಾರು 9. ಉಳಿದ ಚಿಲ್ಲರೆಗೆ ಅಂಗಡಿಯಲ್ಲಿ ಹುರಿಗಡಲೆ ಕೊಂಡು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಒಂದು ಹಿಡಿಯಲ್ಲಿ 6 ಗ್ರಾಂ ಸಿಗುತ್ತದೆ, ಕೆಡುವ ಪದಾರ್ಥವೂ ಅಲ್ಲ. ಮೊಟ್ಟೆ ತಿನ್ನದಿದ್ದರೆ ಹುರಿಗಡಲೆಯನ್ನೇ ಎರಡು ಹಿಡಿ ಮಾಡಿ, ಜೊತೆಗೆ ಕಡಲೆಕಾಯಿ ಸೇರಿಸಿ.

ಮಧ್ಯಾಹ್ನ ರೈಸ್ ಬಾತ್ ಬದಲು ಅನ್ನ-ಸಾಂಬಾರ್ ಕೇಳಿ. ಕೌಂಟರಿನವರು ಬಕೆಟ್ಟಿನ ಮೇಲಿನ ತಿಳಿಯನ್ನು ಸೌಟಿನಲ್ಲಿ ಎತ್ತಿ ಹಾಕುತ್ತಾರೆ, ಬೇಳೆಯೂ ತರಕಾರಿಯೂ ತಳದಲ್ಲಿ ಕುಳಿತಿರುತ್ತದೆ. "ಸ್ವಲ್ಪ ಕೆಳಗಿನಿಂದ ಹಾಕಿ ಅಣ್ಣಾ" ಎನ್ನಲು ಸಂಕೋಚ ಬೇಡ. ಅದಕ್ಕೆ ಬೇರೆ ಟೋಕನ್ ಇಲ್ಲ. ರಾತ್ರಿ ಪರೋಟದ ಬದಲು ಚಪಾತಿ ಮತ್ತು ಪಲ್ಯ ತಿನ್ನಿ, ಅಥವಾ ಮುದ್ದೆ ಸಿಗುವ ಕಡೆ ಮುದ್ದೆ-ಸೊಪ್ಪಿನ ಸಾರು. ಪರೋಟ ಮೈದಾದ್ದು, ಮೇಲೆ ಎಣ್ಣೆ ಸುರಿದದ್ದು.

ಮಸಾಲೆ ದೋಸೆಯ ಬಗ್ಗೆ ನೀವು ಕೇಳಿಲ್ಲ, ಹೆದರಿ ಕೇಳಿಲ್ಲವೇನೋ. ತಿನ್ನಿ. ತಿಂಗಳಿಗೆ ಎರಡು-ಮೂರು ಸಲ, ಚೆನ್ನಾಗಿ ಮಾಡುವ ಕಡೆ, ಹಸಿದು ಹೋಗಿ. ಕೂದಲು ಉದುರುವುದು ಮೂರು ತಿಂಗಳಾದರೂ ನಿಲ್ಲದಿದ್ದರೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ (ಕುತ್ತಿಗೆಯ ಗ್ರಂಥಿ) ಪರೀಕ್ಷೆ ಮಾಡಿಸಿ. ಎಲ್ಲವನ್ನೂ ಊಟದ ತಲೆಗೆ ಕಟ್ಟುವುದು ಬೇಡ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಖಾಸಗಿ ಕಚೇರಿಯ ಗುಮಾಸ್ತೆ ನಾನು, ವಯಸ್ಸು 52. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ಇದೆ. ಇಡ್ಲಿ ತಿನ್ನಬೇಡ, ಅನ್ನ ಮುಟ್ಟಬೇಡ, ರಾಗಿ ಎಷ್ಟು ಬೇಕಾದರೂ ತಿನ್ನು ಎಂದು ಎಲ್ಲರೂ ಹೇಳುತ್ತಾರೆ. ಬುತ್ತಿ ಕಟ್ಟಿಕೊಳ್ಳಲಾಗದ ದಿನ ಹೋಟೆಲಿಗೆ ಹೋಗಲು ಭಯವಾಗಿ ಬರೀ ಚಹಾ-ಬಿಸ್ಕತ್ತಿನಲ್ಲಿ ಮಧ್ಯಾಹ್ನ ಕಳೆಯುತ್ತೇನೆ.

ಉತ್ತರ: ಹೋಟೆಲಿಗೆ ಹೋದರೆ ಸಕ್ಕರೆ ಏರುತ್ತದೆ, ಹೋಗದಿದ್ದರೆ ಹಸಿವು. ಈ ಇಕ್ಕಟ್ಟಿನಲ್ಲಿ ಬಿಸ್ಕತ್ತಿನ ಕಡೆ ವಾಲಿದ್ದೀರಿ. ಹೆದರಿಕೆ ಅರ್ಥವಾಗುತ್ತದೆ. ಆದರೆ ನಿಮ್ಮ ಮುಂದಿದ್ದ ಎಲ್ಲ ದಾರಿಗಳಲ್ಲಿ ಚಹಾ-ಬಿಸ್ಕತ್ತೇ ಅತ್ಯಂತ ಕೆಟ್ಟದ್ದು, ತಾಯಿ. ಅದು ಮೈದಾ, ಸಕ್ಕರೆ, ಕೊಬ್ಬು, ಮೇಲೆ ಸಿಹಿ ಚಹಾ. ಮಾತ್ರೆ ನುಂಗಿ ಊಟ ಬಿಟ್ಟರೆ ಇನ್ನೊಂದು ಅಪಾಯವೂ ಇದೆ. ಕೆಲವು ಮಾತ್ರೆಗಳಿಂದ ಹೈಪೊಗ್ಲೈಸೀಮಿಯ (ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯುವುದು) ಆಗಿ ಬೆವರು, ನಡುಕ, ತಲೆಸುತ್ತು ಬರಬಹುದು. ನಿಮ್ಮ ಮಾತ್ರೆ ಆ ಜಾತಿಯದೇ ಎಂದು ವೈದ್ಯರನ್ನು ಕೇಳಿಡಿ.

ಇಡ್ಲಿಯ ವಿಷಯದಲ್ಲಿ ನಿಮಗೆ ಹೇಳಿದ್ದು ಅರ್ಧ ನಿಜ. ಅದರ ಗ್ಲೈಸೀಮಿಕ್ ಸೂಚ್ಯಂಕ (ತಿಂದದ್ದು ಎಷ್ಟು ಬೇಗ ರಕ್ತಕ್ಕೆ ಸಕ್ಕರೆಯಾಗಿ ಸೇರುತ್ತದೆ ಎಂಬ ಅಳತೆ) ಕಡಿಮೆಯೇನಲ್ಲ. ಹಾಗೆಂದು ಎರಡು ಇಡ್ಲಿಯನ್ನು ಬೇಳೆ ಇರುವ ಒಂದು ಬಟ್ಟಲು ಸಾಂಬಾರಿನ ಜೊತೆ ತಿಂದರೆ ಆಕಾಶ ಕಳಚಿ ಬೀಳುವುದಿಲ್ಲ. ನಾಲ್ಕು ಇಡ್ಲಿ, ಮೇಲೊಂದು ಕೇಸರಿಬಾತು, ಮೇಲೊಂದು ಸಿಹಿ ಕಾಫಿ ಆದರೆ ಬೇರೆ ಮಾತು.

ರಾಗಿಯ ವಿಷಯದಲ್ಲಿ ಹೇಳಿದ್ದೂ ಅರ್ಧವೇ. ರಾಗಿಯಲ್ಲಿ ನಾರು ಮತ್ತು ಕ್ಯಾಲ್ಸಿಯಂ (ಮೂಳೆಯ ಸುಣ್ಣದಂಶ) ಧಾರಾಳ, 100 ಗ್ರಾಂಗೆ 340 ಮಿಲಿಗ್ರಾಂ ಮೀರಿ. ಆದರೆ ಅದೂ ಧಾನ್ಯವೇ, ಅದರಲ್ಲೂ ಪಿಷ್ಟ ಹತ್ತಿರ ಹತ್ತಿರ ಅಕ್ಕಿಯಷ್ಟೇ ಇದೆ. ನುಣ್ಣಗೆ ಬೀಸಿ ಗಂಜಿ ಮಾಡಿ ಕುಡಿದರೆ ಸಕ್ಕರೆ ಸರಸರ ಏರುತ್ತದೆ. "ಎಷ್ಟು ಬೇಕಾದರೂ" ಎಂಬ ಮಾತು ಸಕ್ಕರೆ ಕಾಯಿಲೆಯವರಿಗೆ ಯಾವ ಧಾನ್ಯಕ್ಕೂ ಹೊಂದುವುದಿಲ್ಲ.

ಇನ್ನು ನಿಮ್ಮ ಊರಿನ ಭಾಗ್ಯ ನೋಡಿ. ದರ್ಶಿನಿಗೆ ಹೋಗಬೇಡಿ, ಖಾನಾವಳಿಗೆ ಹೋಗಿ. ಜೋಳದ ರೊಟ್ಟಿ, ಮಡಿಕಿಕಾಳಿನ ಅಥವಾ ಹೆಸರುಕಾಳಿನ ಪಲ್ಯ, ಎಣ್ಣೆಗಾಯಿ, ಝುಣಕ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಮೊಸರು. ಸಕ್ಕರೆ ಕಾಯಿಲೆಯವರಿಗೆ ತಟ್ಟೆ ಹೇಗಿರಬೇಕು ಎಂದು ನಾವು ಆಸ್ಪತ್ರೆಯಲ್ಲಿ ಚಿತ್ರ ಬರೆದು ತೋರಿಸುತ್ತೇವಲ್ಲ, ಅದನ್ನು ನಿಮ್ಮ ಕಡೆಯ ಖಾನಾವಳಿಯವರು ಯಾರೂ ಹೇಳದೆಯೇ ಬಡಿಸುತ್ತಿದ್ದಾರೆ. ಬೆಂಗಳೂರಿನ ನಕ್ಷತ್ರ ಹೋಟೆಲಿನಲ್ಲಿ ಇದನ್ನೇ ಮಿಲ್ಲೆಟ್ ಥಾಲಿ ಎಂದು ಕರೆದು ನಾಲ್ಕು ಪಟ್ಟು ವಸೂಲಿ ಮಾಡುತ್ತಾರೆ.

ಉಣ್ಣುವ ಕ್ರಮವೂ ಮುಖ್ಯ. ಮೊದಲು ಸೊಪ್ಪು, ಸೌತೆಕಾಯಿ ಮತ್ತು ಕಾಳಿನ ಪಲ್ಯ ಅರ್ಧ ಮುಗಿಸಿ, ಆಮೇಲೆ ರೊಟ್ಟಿಗೆ ಕೈ ಹಾಕಿ. ರೊಟ್ಟಿ ಎರಡು ಸಾಕು. ಅನ್ನ ಕೊನೆಗೆ, ಒಂದು ಹಿಡಿ, ಅದೂ ಆಸೆಯಾದರೆ. ಅನ್‌ಲಿಮಿಟೆಡ್ ಊಟ ಎಂದು ಬೋರ್ಡು ಇದ್ದರೆ ಪಲ್ಯಕ್ಕೆ ಮಾತ್ರ ಆ ಮಾತು ಅನ್ವಯಿಸಿಕೊಳ್ಳಿ. ಶೇಂಗಾ ಹೋಳಿಗೆ ಕಂಡರೆ ಅರ್ಧ ಹಂಚಿಕೊಳ್ಳಿ. ಊಟವಾದ ಮೇಲೆ ಕಚೇರಿಗೆ ಹತ್ತು-ಹದಿನೈದು ನಿಮಿಷ ನಡೆದೇ ಹೋಗಿ.

ನಿಮ್ಮ ಭಯಕ್ಕೆ ನಿಜವಾದ ಮದ್ದು ಅಳೆದು ನೋಡುವುದು. ಖಾನಾವಳಿಯಲ್ಲಿ ಉಂಡ ದಿನ, ಮೊದಲ ತುತ್ತಿನಿಂದ ಎರಡು ಗಂಟೆಗೆ ಗ್ಲೂಕೋಮೀಟರಿನಲ್ಲಿ ನೋಡಿ. 180ರ ಒಳಗಿದ್ದರೆ ಆ ಊಟ ನಿಮಗೆ ಒಗ್ಗಿದೆ. ಮೀರಿದ್ದರೆ ಮುಂದಿನ ಸಲ ಒಂದು ರೊಟ್ಟಿ ಕಡಿಮೆ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಕಳೆದ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) ಮಾಡಿಸುವುದನ್ನು ಬಿಡಬೇಡಿ.

ಪ್ರಶ್ನೆ: ಶಿವಮೊಗ್ಗದ ನಿವೃತ್ತ ಶಿಕ್ಷಕ, ವಯಸ್ಸು 64. ರಕ್ತದೊತ್ತಡವಿದೆ. ಬೆಳಗಿನ ವಾಕಿಂಗ್ ಮುಗಿಸಿ ಗೆಳೆಯರೊಡನೆ ಇಡ್ಲಿ ತಿನ್ನುವುದು ವರ್ಷಗಳ ರೂಢಿ. ಮಗಳು ಈಗ ಹೋಟೆಲ್ ನಿಲ್ಲಿಸಿ ಎನ್ನುತ್ತಾಳೆ. ಎಣ್ಣೆ ಇಲ್ಲದ ತಿಂಡಿಗೂ ಬಿ.ಪಿ.ಗೂ ಏನು ಸಂಬಂಧ?

ಉತ್ತರ: ಗೆಳೆಯರ ಕೂಟ ತಪ್ಪಿಹೋದೀತೆಂಬ ನಿಮ್ಮ ಅಳುಕು ನನಗೆ ಕಾಣುತ್ತಿದೆ. ಕೂಟ ಬಿಡಬೇಕಿಲ್ಲ ಮೇಷ್ಟ್ರೇ. ಆದರೆ ಮಗಳ ಮಾತಿನಲ್ಲಿ ಹುರುಳಿದೆ. ಇಲ್ಲಿ ನೋಡಬೇಕಾದ್ದು ಎಣ್ಣೆಯಲ್ಲ, ಸೋಡಿಯಂ (ಉಪ್ಪಿನಲ್ಲಿದ್ದು ಒತ್ತಡ ಏರಿಸುವ ಲವಣಾಂಶ).

ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಇಡ್ಲಿ ಹಿಟ್ಟಿನಲ್ಲಿ ಉಪ್ಪು, ಸಾಂಬಾರಿನಲ್ಲಿ ಉಪ್ಪು, ಚಟ್ನಿಯಲ್ಲಿ ಉಪ್ಪು. ಹಿಟ್ಟಿಗೆ ಅಡುಗೆ ಸೋಡಾ ಹಾಕಿದ್ದರೆ ಅದರಲ್ಲೂ ಸೋಡಿಯಂ. ಇಡ್ಲಿ ಮುಳುಗುವಷ್ಟು ಸಾಂಬಾರ್ ಹಾಕಿಸಿಕೊಂಡು, ಕೊನೆಗೆ ತಟ್ಟೆ ಎತ್ತಿ ಕುಡಿದರೆ ದಿನದ ಪಾಲಿನ ದೊಡ್ಡ ಭಾಗ ಬೆಳಿಗ್ಗೆ ಎಂಟಕ್ಕೇ ಮುಗಿಯಿತು.

ಸಾಂಬಾರ್, ಚಟ್ನಿ ಎರಡನ್ನೂ ಬೇರೆ ಬಟ್ಟಲಿಗೆ ಹಾಕಿಸಿಕೊಳ್ಳಿ. ಅದ್ದಿ ತಿನ್ನಿ, ಬೇಳೆ-ತರಕಾರಿ ತಿಂದು ತಿಳಿಯನ್ನು ಬಿಟ್ಟುಬಿಡಿ. ಚಟ್ನಿ ಎರಡನೇ ಸಲ ಬೇಡ. ಅಂದು ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳದ ಡಬ್ಬಿ ತೆರೆಯಬೇಡಿ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ (ಇನ್ನೊಂದು ಬಗೆಯ ಲವಣ) ಇರುತ್ತದೆ. ಮೂತ್ರಪಿಂಡದ ತೊಂದರೆ ಇದ್ದರೆ ಅಥವಾ ಕೆಲವು ಬಿ.ಪಿ. ಮಾತ್ರೆ ನುಂಗುತ್ತಿದ್ದರೆ ಅದು ಅಪಾಯ. ವೈದ್ಯರನ್ನು ಕೇಳದೆ ಕೊಳ್ಳಬೇಡಿ.

ಪ್ರಶ್ನೆ: ನನ್ನ ಮಗನಿಗೆ 14. ಟ್ಯೂಷನ್ ಮುಗಿಸಿ ದಿನಾ ಗಾಡಿಯಲ್ಲಿ ಗೋಬಿ ಮಂಚೂರಿ ತಿನ್ನುತ್ತಾನೆ. ಅದರ ಬಣ್ಣದಿಂದ ಕ್ಯಾನ್ಸರ್ ಬರುತ್ತದೆ ಎಂದು ಕೇಳಿ ನಿದ್ದೆ ಬರುತ್ತಿಲ್ಲ. ಬೈದರೆ ಕದ್ದು ತಿನ್ನುತ್ತಾನೆ. ಕೊಡುವುದೇ 40 ರೂಪಾಯಿ, ಅದರಲ್ಲಿ ಇನ್ನೇನು ಸಿಗುತ್ತದೆ?

ಉತ್ತರ: ಇಲ್ಲಿಯವರೆಗೆ ತಿಂದದ್ದರಿಂದ ಮಗನಿಗೆ ಏನೋ ಆಗಿಬಿಟ್ಟಿದೆ ಎಂದು ನೀವು ಕೊರಗುತ್ತಿದ್ದೀರಿ. ಹಾಗೆ ಅಂದುಕೊಳ್ಳಬೇಡಿ. ಕೆಲವು ತಿಂಗಳು ತಿಂದ ಗೋಬಿಯಿಂದ ನಾಳೆಯೇ ಕ್ಯಾನ್ಸರ್ ಬರುವುದಿಲ್ಲ. ವರ್ಷಗಟ್ಟಲೆ ದಿನವೂ ತಿನ್ನುವುದನ್ನು ನಿಲ್ಲಿಸಬೇಕು, ಅದಕ್ಕೆ ಈಗಲೇ ಸಮಯ.

ನೀವು ಕೇಳಿದ ಸುದ್ದಿ ಸುಳ್ಳಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್-ಬಿ (ಬಟ್ಟೆಗೆ ಹಾಕುವ ಗುಲಾಬಿ ಬಣ್ಣ) ಸಿಕ್ಕಿದ್ದೂ ಆಗಲೇ. ಅದೇ ವರ್ಷದ ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ಈಗ ಬಣ್ಣ ಹಾಕದೆ ಮಾಡುವ ಗಾಡಿಗಳಿವೆ. ಅವರ ಗೋಬಿ ಕಂದು ಬಣ್ಣದ್ದು, ನೋಡಲು ಪೆಚ್ಚು. ಬೆರಳಿಗೆ ಕೆಂಪು ಅಂಟಿ ತೊಳೆದರೂ ಹೋಗದಿದ್ದರೆ ಆ ಗಾಡಿ ಬೇಡ.

ಬಣ್ಣಕ್ಕಿಂತ ನನಗೆ ಹೆಚ್ಚು ಚಿಂತೆ ಎಣ್ಣೆಯದು. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು (ಎಣ್ಣೆ ಕೆಟ್ಟಾಗ ಹುಟ್ಟುವ ವಸ್ತುಗಳು) ಶೇ 25 ಮೀರಿದರೆ ಬಳಸಬಾರದೆಂಬ ನಿಯಮ 2018ರಿಂದ ಇದೆ. ಗಾಡಿಯ ಮುಂದೆ ಅದನ್ನು ಅಳೆಯಲಾಗದು, ಕಣ್ಣಿಗೆ ಕಾಣುವ ಗುರುತುಗಳನ್ನು ಮಗನಿಗೆ ಕಲಿಸಿ. ಎಣ್ಣೆ ಕಪ್ಪಾಗಿದೆ, ಮೇಲೆ ನೊರೆ ಕಟ್ಟಿ ಇಳಿಯುತ್ತಿಲ್ಲ, ಬಾಣಲೆ ಸದಾ ಹೊಗೆಯಾಡುತ್ತಿದೆ, ಗಂಟಲಿಗೆ ಕಮಟು ಹೊಡೆಯುತ್ತಿದೆ: ಇಷ್ಟರಲ್ಲಿ ಎರಡು ಕಂಡರೂ ಮುಂದೆ ನಡೆಯಲಿ.

40 ರೂಪಾಯಿಗೆ ಸಿಗುವುದು ಬಹಳ. ಬೇಯಿಸಿದ ಜೋಳ, ಕಡಲೆಕಾಯಿ ಜಾಸ್ತಿ ಹಾಕಿಸಿಕೊಂಡ ಚುರುಮುರಿ, ಬಿಸಿ ಬಟಾಣಿಯ ಮಸಾಲ ಪುರಿ, ಎರಡು ಮೊಟ್ಟೆಯ ಆಮ್ಲೆಟ್ಟು, ಹಣ್ಣಾದರೆ ಎದುರಿಗೇ ಹೆಚ್ಚಿಸಿಕೊಂಡದ್ದು. ಐದು ಗಂಟೆಯ ಹೊತ್ತಿಗೆ ಆ ವಯಸ್ಸಿನ ಹುಡುಗನಿಗೆ ಹೊಟ್ಟೆ ಧಗಧಗ ಎನ್ನುತ್ತಿರುತ್ತದೆ, ನೀತಿಪಾಠ ರುಚಿಸುವುದಿಲ್ಲ. ಟ್ಯೂಷನ್ನಿಗೆ ಹೋಗುವ ಮೊದಲೇ ಮನೆಯಲ್ಲಿ ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಕೊಟ್ಟು ಕಳಿಸಿ. ಶನಿವಾರ ಗೋಬಿಯ ದಿನ ಎಂದು ನೀವೇ ಒಪ್ಪಿಕೊಳ್ಳಿ. ಒಪ್ಪಿಗೆ ಸಿಕ್ಕ ಮೇಲೆ ಕದಿಯುವ ಅಗತ್ಯ ಅವನಿಗೂ ಇರುವುದಿಲ್ಲ.

ಪ್ರಶ್ನೆ: ದಾವಣಗೆರೆಯವಳು, ಈಗ ಅಮೆರಿಕದ ಟೆಕ್ಸಾಸಿನಲ್ಲಿ ಎಂ.ಎಸ್. ಓದುತ್ತಿದ್ದೇನೆ. ಸಸ್ಯಾಹಾರಿ. ತರಗತಿಗಳ ನಡುವೆ ಚಿಪೋಟ್ಲೆ ಎಂಬ ಬೌಲ್ ಹೋಟೆಲಿನಲ್ಲಿ ತಿನ್ನುವುದು ಬಿಟ್ಟರೆ ಬೇರೆ ದಾರಿ ಇಲ್ಲ. ಹತ್ತು ಡಾಲರಿನ ಊಟ ಎಂದರೆ ಅಪ್ಪನ ಮುಖ ಕಣ್ಣೆದುರು ಬರುತ್ತದೆ. ತೂಕವೂ ಏರುತ್ತಿದೆ.

ಉತ್ತರ: ಊರಿಂದ ಅಷ್ಟು ದೂರ ಇದ್ದು, ಪ್ರತಿ ಬಿಲ್ಲನ್ನೂ ರೂಪಾಯಿಗೆ ತಿರುಗಿಸಿ ನೋಡುವ ಸಂಕಟ ಸಣ್ಣದಲ್ಲ. ಸಮಾಧಾನದ ಮಾತೆಂದರೆ ಸಸ್ಯಾಹಾರಿಗೆ ಆ ಹೋಟೆಲ್ ಕೆಟ್ಟ ಆಯ್ಕೆಯೇನಲ್ಲ. ಅನ್ನ ಮತ್ತು ಕಾಳು, ಅಂದರೆ ನಮ್ಮ ಊಟವೇ ಬೇರೆ ವೇಷದಲ್ಲಿದೆ.

ಬರಿಟೊ (ಮೈದಾ ಹಾಳೆಯಲ್ಲಿ ಸುತ್ತಿ ಕೊಡುವುದು) ಬದಲು ಬೌಲ್ (ಬಟ್ಟಲಿನಲ್ಲಿ ಕೊಡುವುದು) ಕೇಳಿ. ಬರಿಟೊದ ಆ ದೊಡ್ಡ ಮೈದಾ ಹಾಳೆಯೊಂದರಲ್ಲೇ 320 ಕ್ಯಾಲರಿ (ಆಹಾರದ ಶಕ್ತಿಯ ಅಳತೆ) ಇದೆ. ಅನ್ನ ಅರ್ಧ ಸಾಕೆನ್ನಿ. ಕಪ್ಪು ಕಾಳು, ಪಿಂಟೊ ಕಾಳು ಎರಡನ್ನೂ ಹಾಕಿಸಿಕೊಳ್ಳಿ. ಬಾಡಿಸಿದ ದಪ್ಪ ಮೆಣಸಿನಕಾಯಿ-ಈರುಳ್ಳಿ, ಟೊಮೆಟೊ ಸಾಲ್ಸಾ, ಸೊಪ್ಪು ಎಲ್ಲ ಆ ಬೆಲೆಯಲ್ಲೇ ಸೇರಿವೆ. ತರಕಾರಿ ಬೌಲ್ ಕೊಂಡವರಿಗೆ ಬೆಣ್ಣೆಹಣ್ಣಿನ ಗ್ವಾಕಮೋಲಿಗೂ ಬೇರೆ ಹಣ ಇಲ್ಲ. ಚೀಸ್, ಸೋರ್ ಕ್ರೀಮ್ ಎರಡೂ ಒಟ್ಟಿಗೆ ಬೇಡ. ಸಲಾಡಿನ ಮೇಲೆ ಸುರಿಯುವ ಸಿಹಿ ಡ್ರೆಸಿಂಗ್ ಪುಟ್ಟ ಡಬ್ಬಿಯಲ್ಲಿ 200 ಕ್ಯಾಲರಿ ಮೀರಿ ಇದೆ. ಚಿಪ್ಸ್ ಪೊಟ್ಟಣ ಒಂದು ಊಟಕ್ಕೆ ಸಮ. ತಂಪು ಪಾನೀಯದ ಬದಲು ನೀರಿನ ಲೋಟ ಕೇಳಿ, ಅದು ಪುಕ್ಕಟೆ.

ಬೌಲ್ ಬಂದ ಕೂಡಲೇ ಅರ್ಧ ಮುಚ್ಚಿಟ್ಟು ಮನೆಗೆ ಒಯ್ಯಿರಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ರಾತ್ರಿಗೆ ಮೊಸರು ಸೇರಿಸಿಕೊಂಡರೆ ಇನ್ನೊಂದು ಊಟ. ಹತ್ತು ಡಾಲರ್ ಐದಾಯಿತು. ಉಪ್ಪು ಮಾತ್ರ ಅಲ್ಲಿ ಜಾಸ್ತಿ, ಆದ್ದರಿಂದ ಸಾಲ್ಸಾ ಒಂದೇ ಬಗೆ ಸಾಕು. 20 ಅಥವಾ ಹೆಚ್ಚು ಶಾಖೆ ಇರುವ ಹೋಟೆಲುಗಳು ಕ್ಯಾಲರಿಯನ್ನು ಮೆನುವಿನ ಮೇಲೆಯೇ ಬರೆಯಬೇಕೆಂಬ ಕಾನೂನು ಅಮೆರಿಕದಲ್ಲಿ 2018ರಿಂದ ಇದೆ. ಬೆಲೆಯ ಪಕ್ಕದ ಆ ಅಂಕಿಯನ್ನೂ ಓದುವ ಅಭ್ಯಾಸ ಮಾಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಆಟೊ ಓಡಿಸುತ್ತೇನೆ. ಇಂದಿರಾ ಕ್ಯಾಂಟೀನಿನ ಹತ್ತು ರೂಪಾಯಿ ಊಟದಲ್ಲಿ ಸತ್ವ ಇರುತ್ತದೆಯೇ? ಅಗ್ಗದ್ದು ಎಂದು ಮನೆಯವರಿಗೆ ಅನುಮಾನ.

ಉತ್ತರ: ಅಗ್ಗ ಎಂದರೆ ಕಳಪೆ ಇರಬಹುದು ಎಂಬ ಅನುಮಾನ ಎಲ್ಲರಿಗೂ ಬರುವಂಥದ್ದು. ಇಲ್ಲಿ ಬೆಲೆ ಕಡಿಮೆ ಇರುವುದು ಸರ್ಕಾರ ಸಹಾಯಧನ ಕೊಡುವುದರಿಂದ. 2017ರ ಆಗಸ್ಟ್‌ನಲ್ಲಿ ಶುರುವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಎಂದು ಇಟ್ಟರು. ಅನ್ನ-ಸಾಂಬಾರ್ ಬಿಸಿಯಾಗಿದ್ದರೆ ಧೈರ್ಯವಾಗಿ ಉಣ್ಣಿ. ಅಲ್ಲಿ ಉಳಿದ ಹಣದಲ್ಲಿ ದಿನಾ ಒಂದು ಮೊಟ್ಟೆ, ಒಂದು ಬಾಳೆಹಣ್ಣು ಕೊಳ್ಳಿ. ಆ ಊಟದಲ್ಲಿ ಕಡಿಮೆ ಬೀಳುವುದು ಅಷ್ಟೇ. ಟ್ರಾಫಿಕ್ಕಿನಲ್ಲಿ ಮೂತ್ರಕ್ಕೆ ಹೋಗಲಾಗದೆಂದು ನೀರು ಕುಡಿಯುವುದನ್ನು ಬಿಡಬೇಡಿ. ನಿಮ್ಮ ವೃತ್ತಿಯವರಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಅದು.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ, ಮೈಸೂರಿನಲ್ಲಿ ಅಂಗಡಿಯೊಂದರಲ್ಲಿ ಕೆಲಸ. ಮಧ್ಯಾಹ್ನದ ಊಟ ಹೋಟೆಲಿನಲ್ಲೇ ಆಗಬೇಕು. ಮಗುವಿಗೆ ಏನಾದರೂ ಆದೀತೆಂದು ಪ್ರತಿ ತುತ್ತಿಗೂ ಭಯ. ಇಡ್ಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಬೇಯಿಸುತ್ತಾರಂತೆ, ನಿಜವೇ?

ಉತ್ತರ: ತಾಯಿಯಾಗುವಾಗ ಈ ಭಯ ಸಹಜ. ಅದು ಸ್ವಲ್ಪ ಮಟ್ಟಿಗೆ ನಿಮ್ಮನ್ನು ಕಾಯುತ್ತದೆ ಕೂಡ. ಆದರೆ ಪ್ರತಿ ತುತ್ತಿಗೂ ಹೆದರಿದರೆ ಊಟ ಸೇರುವುದಿಲ್ಲ, ಮಗುವಿಗೆ ನಷ್ಟವಾಗುವುದು ಆಗ. ಎಚ್ಚರವನ್ನು ನಾಲ್ಕು ಕಡೆ ಇಡಿ, ಉಳಿದ ಕಡೆ ನಿಶ್ಚಿಂತೆಯಿಂದ ಉಣ್ಣಿ.

ಹೊಗೆಯಾಡುವಷ್ಟು ಬಿಸಿಯಾದದ್ದನ್ನು ಆರಿಸಿ. ಆಗ ತಾನೇ ಇಳಿಸಿದ ಇಡ್ಲಿ, ಹೆಂಚಿನಿಂದ ಎತ್ತಿದ ಚಪಾತಿ, ಕುದಿಯುವ ಸಾಂಬಾರ್. ಬೆಳಿಗ್ಗೆಯೇ ರುಬ್ಬಿ ಹೊರಗಿಟ್ಟ ಕಾಯಿ ಚಟ್ನಿ ಮಧ್ಯಾಹ್ನದ ಹೊತ್ತಿಗೆ ಬೇಡ, ಹಸಿ ಕೋಸಂಬರಿ ಮತ್ತು ಹೆಚ್ಚಿಟ್ಟ ಹಣ್ಣೂ ಬೇಡ. ನೀರಿನ ಬಾಟಲಿ ಮನೆಯದೇ ಇರಲಿ. ಎಲ್ಲರೂ ಮುಗಿಬೀಳುವ ಹೊತ್ತಿಗೇ ಹೋಗಿ, ಹನ್ನೆರಡೂವರೆಯಿಂದ ಒಂದೂವರೆಯ ಒಳಗೆ ತಪ್ಪಲೆಗಳು ಬೇಗ ಖಾಲಿಯಾಗಿ ಹೊಸದು ಬರುತ್ತಿರುತ್ತದೆ.

ಪ್ಲಾಸ್ಟಿಕ್ಕಿನ ಮಾತು ನಿಜವಿತ್ತು. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ತೆಳು ಪ್ಲಾಸ್ಟಿಕ್ ಹಾಳೆ ಹಾಕುವುದು ತಪಾಸಣೆಯಲ್ಲಿ ಕಂಡುಬಂದು, 2025ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಅದಕ್ಕೆ ನಿಷೇಧ ಹೇರಿತು. ಅಡುಗೆಮನೆ ತೆರೆದಿರುವ ಕಡೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಒಂದು ಕ್ಷಣ ನಿಂತು ನೋಡಿ. ಬಿಳಿ ಬಟ್ಟೆಯೋ, ಹೊಳೆಯುವ ಹಾಳೆಯೋ ಗೊತ್ತಾಗುತ್ತದೆ. ಹಾಳೆ ಕಂಡರೆ ಬೇರೆ ಹೋಟೆಲ್. ಪಾರ್ಸೆಲ್ ಒಯ್ಯುವುದಾದರೆ ಸ್ಟೀಲ್ ಡಬ್ಬಿ ಕೊಡಿ, ಬಿಸಿ ಸಾಂಬಾರನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಬೇಡಿ.

ಇನ್ನು ಕಬ್ಬಿಣಾಂಶ. ಊಟದ ಬೆನ್ನಿಗೇ ಕಾಫಿ ಕುಡಿದರೆ ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಸಾಂಬಾರಿಗೆ ನಿಂಬೆ ಹಿಂಡಿಕೊಂಡರೆ ಒಳ್ಳೆಯದು. ಬ್ಯಾಗಿನಲ್ಲಿ ಒಂದು ನಿಂಬೆ ಹೋಳು ಇಟ್ಟುಕೊಳ್ಳುವುದು ಕಷ್ಟವಲ್ಲ.

ಮುಂದಿನ ತಪಾಸಣೆಯಲ್ಲಿ ಹಿಮೋಗ್ಲೋಬಿನ್ (ರಕ್ತದಲ್ಲಿ ಆಮ್ಲಜನಕ ಹೊರುವ ಕೆಂಪು ಸತ್ವ) ಎಷ್ಟಿದೆ ಎಂದು ಕೇಳಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಗರ್ಭಿಣಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಮಾತ್ರೆಯಿಂದ ವಾಕರಿಕೆ ಬಂದರೆ ರಾತ್ರಿ ಊಟವಾದ ಮೇಲೆ ನುಂಗಿ, ಮಲ ಕಪ್ಪಾದರೆ ಹೆದರಬೇಡಿ, ನಿಲ್ಲಿಸಲೂ ಬೇಡಿ.